ಖಾಸಗಿ ಶಾಲೆಯ ಫೀಸನ್ನು ಸರ್ಕಾರ ಕಟ್ಟುತ್ತದೆಯೇ? ಮನೆಯಲ್ಲೇ ಕಲಿಸಿದರೆ?

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ನಮ್ಮ ಯಜಮಾನರು ಗಾಡಿ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಇಬ್ಬರದೂ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ ಆಗಬಹುದು. ಮಗ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸು. ಫೀಸು 32 ಸಾವಿರ, ಬಸ್ಸು, ಪುಸ್ತಕ ಎಲ್ಲ ಸೇರಿ ಐವತ್ತರ ಹತ್ತಿರ ಹೋಗುತ್ತದೆ. ಕಳೆದ ವರ್ಷದ ಬಾಕಿ ಇದೆ. ಅದನ್ನು ಕಟ್ಟದೆ ಟಿಸಿ ಕೊಡಲ್ಲ ಅಂತಾರೆ. ಮಗಳನ್ನು ಬರುವ ವರ್ಷ ಎಲ್‌ಕೆಜಿಗೆ ಸೇರಿಸಬೇಕು. ಒಬ್ಬರು ಮನೆಗೇ ಬಂದು, ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ ಉಚಿತ) ಸೀಟು ಕೊಡಿಸ್ತೀನಿ, 15 ಸಾವಿರ ಕೊಡಿ ಅಂದರು. ಪಕ್ಕದ ಮನೆಯವರು ಆರ್‌ಟಿಇ ನಿಂತೇ ಹೋಗಿದೆ ಅಂತಾರೆ. ಅಮೆರಿಕದ ಡಲ್ಲಾಸ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮಗ ಹೇಳಿದ ಪ್ರಕಾರ, ಅಲ್ಲಿ ಖಾಸಗಿ ಶಾಲೆಗೆ ಕಳಿಸಿದರೂ ಮನೆಯಲ್ಲಿ ಕಲಿಸಿದರೂ ಸರ್ಕಾರವೇ ದುಡ್ಡು ಕೊಡುತ್ತದಂತೆ. ನಮ್ಮಲ್ಲೂ ಅಂಥದ್ದು ಇದೆಯಾ? ನಾನು ಬಿ.ಎ. ಮಾಡಿದ್ದೇನೆ. ಇಬ್ಬರನ್ನೂ ಮನೆಯಲ್ಲೇ ಕೂರಿಸಿಕೊಂಡು ಕಲಿಸಿಬಿಡಲಾ ಅಂತ ಯೋಚನೆ ಬರುತ್ತಿದೆ. ದಾರಿ ಹೇಳಿ.

ಉತ್ತರ: ಪತ್ರದ ಮೇಲ್ಮೈಯಲ್ಲಿ ಇರುವುದು ಆರ್‌ಟಿಇ, ಅಮೆರಿಕ, ಮನೆಪಾಠ. ಆದರೆ ನಿಮ್ಮ ನಿಜವಾದ ಚಿಂತೆ ಆ ಬಾಕಿ ಅಂತ ನನಗನಿಸುತ್ತದೆ. ದೊಡ್ಡವನ ಫೀಸೇ ಕಟ್ಟಲಾಗದೆ ಒದ್ದಾಡುತ್ತಿರುವಾಗ ಚಿಕ್ಕವಳಿಗೆ ಏನು ಮಾಡುವುದು, ಅದು ತಾನೆ?

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮನೆಯಲ್ಲಿ ಕಲಿಸುವವರಿಗೆ ನಮ್ಮಲ್ಲಿ ಸರ್ಕಾರದಿಂದ ಒಂದು ರೂಪಾಯಿಯೂ ಬರುವುದಿಲ್ಲ. ಆರ್‌ಟಿಇ ನಿಂತಿಲ್ಲ, ಆದರೆ ದಾವಣಗೆರೆಯಂಥ ಊರಿನವರ ಪಾಲಿಗೆ ಹೆಚ್ಚುಕಡಿಮೆ ನಿಂತ ಹಾಗೇ. 15 ಸಾವಿರ ಕೇಳಿದವರನ್ನು ಗೇಟಿನಿಂದಲೇ ಕಳಿಸಿ. ಟಿಸಿ ಇಲ್ಲದಿದ್ದರೂ ನಿಮ್ಮ ಮಗನನ್ನು ಸರ್ಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು.

ಇನ್ನು ಬಿಡಿಸಿ ಹೇಳುತ್ತೇನೆ.

ನಿಮ್ಮ ದೊಡ್ಡಪ್ಪನ ಮಗ ಸುಳ್ಳು ಹೇಳಿಲ್ಲ. ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯ 2025ರ ಮೇನಲ್ಲಿ ಅಂಥ ಕಾನೂನು ಮಾಡಿತು. 2026-27ನೇ ಸಾಲಿನಿಂದ, ಖಾಸಗಿ ಶಾಲೆ ಆರಿಸಿಕೊಂಡ ಮಗುವಿನ ಹೆಸರಲ್ಲಿ ವರ್ಷಕ್ಕೆ ಸುಮಾರು 10,000 ಡಾಲರ್ ಇಡುವ ಯೋಜನೆ ಅದು. ಮನೆಯಲ್ಲಿ ಕಲಿಸಿದರೆ 2,000 ಡಾಲರ್‌ವರೆಗೆ. ಖಾಸಗಿ ಶಾಲೆಗೆ ಹೋಗುವ ಅಂಗವಿಕಲ ಮಕ್ಕಳಿಗೆ ಆ 10,000ಕ್ಕಿಂತ ಜಾಸ್ತಿ. ಆದರೆ ಅಪ್ಪ-ಅಮ್ಮನ ಕೈಗೆ ನಗದು ಬರುವುದಿಲ್ಲ. ಮಗುವಿನ ಖಾತೆಯಿಂದ, ಒಪ್ಪಿಗೆ ಪಡೆದ ಶಾಲೆಗೋ ಪುಸ್ತಕದವರಿಗೋ ಹೋಗುತ್ತದೆ. ಮೊದಲ ಸುತ್ತಿಗೆ ಇಟ್ಟ ಹಣ 100 ಕೋಟಿ ಡಾಲರ್. ಕೇಳಿದವರಿಗೆಲ್ಲ ಸಾಕಾಗದಿದ್ದರೆ ಅಂಗವಿಕಲ ಮಕ್ಕಳಿಗೆ ಮತ್ತು ಕಡಿಮೆ ಆದಾಯದವರಿಗೆ ಆದ್ಯತೆ. ಅಮೆರಿಕದಲ್ಲಿ ಈ ಜಗಳ ಹಳೆಯದು. 1990ರಲ್ಲೇ ಮಿಲ್ವಾಕಿ ಎಂಬ ಊರಲ್ಲಿ ಬಡಮಕ್ಕಳಿಗೆ ವೋಚರ್, ಅಂದರೆ ಖಾಸಗಿ ಶಾಲೆಯ ಫೀಸಿಗೆ ಸರ್ಕಾರದ ಚೀಟಿ, ಕೊಡಲು ಶುರು ಮಾಡಿದ್ದರು. 2022ರಲ್ಲಿ ಅರಿಜೋನಾ ಆದಾಯ ಎಷ್ಟೇ ಇರಲಿ ಎಲ್ಲರಿಗೂ ಅಂದಿತು. ಆಮೇಲೆ, ಈಗಾಗಲೇ ಸ್ವಂತ ದುಡ್ಡಲ್ಲಿ ಖಾಸಗಿ ಶಾಲೆಗೆ ಕಳಿಸುತ್ತಿದ್ದವರಿಗೇ ಸರ್ಕಾರದ ಹಣ ಹೋಯಿತು ಎಂಬ ದೂರು ಅಲ್ಲಿ ಜೋರಾಗಿ ಕೇಳಿಬಂತು.

ನಮ್ಮಲ್ಲಿ ಹಣ ಮಗುವಿನ ಹಿಂದೆ ಹೋಗುವುದಿಲ್ಲ, ಸೀಟಿನ ಹಿಂದೆ ಹೋಗುತ್ತದೆ. ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಅನುದಾನವಿಲ್ಲದ ಖಾಸಗಿ ಶಾಲೆಯೂ ಒಂದನೇ ಕ್ಲಾಸಿನಲ್ಲಿ ಕನಿಷ್ಠ 25% ಸೀಟನ್ನು ನೆರೆಹೊರೆಯ ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಕೊಡಬೇಕು. ಎಲ್‌ಕೆಜಿ ಇದ್ದರೆ ಅಲ್ಲಿಂದಲೇ. ಆ ಮಕ್ಕಳ ಖರ್ಚನ್ನು ಸರ್ಕಾರ ಶಾಲೆಗೆ ಮರುಪಾವತಿ ಮಾಡುತ್ತದೆ. ಕರ್ನಾಟಕದಲ್ಲಿ ಇದು 2012-13ರಲ್ಲಿ ಶುರುವಾಯಿತು. 7.5% ಪರಿಶಿಷ್ಟ ಜಾತಿಗೆ, 1.5% ಪರಿಶಿಷ್ಟ ಪಂಗಡಕ್ಕೆ, 16% ಉಳಿದವರಿಗೆ ಎಂಬ ಹಂಚಿಕೆ. ದುರ್ಬಲ ವರ್ಗ ಅಂದರೆ ವರ್ಷಕ್ಕೆ ಮೂರೂವರೆ ಲಕ್ಷದೊಳಗಿನ ಆದಾಯ. ಈ ಲೆಕ್ಕದಲ್ಲಿ ನೀವು ಬರುತ್ತೀರಿ.

ಹಾಗಾದರೆ ತೊಡಕು ಎಲ್ಲಿ? 2019ರಲ್ಲಿ. ಆ ವರ್ಷದ ಆರಂಭದಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಆರ್‌ಟಿಇ ಸೀಟು ಕೊಡಬೇಕಿಲ್ಲ ಅಂದಿತು. ನೆರೆಹೊರೆ ಅಂದರೆ ಹಳ್ಳಿಯಲ್ಲಾದರೆ ಆ ಗ್ರಾಮ, ಪಟ್ಟಣದಲ್ಲಾದರೆ ಆ ವಾರ್ಡು. ಪೋಷಕರ ಪರವಾಗಿ ಕೆಲವರು ಕೋರ್ಟಿಗೆ ಹೋದರು. ಅದೇ ವರ್ಷದ ಮೇ ಕೊನೆಯಲ್ಲಿ ಹೈಕೋರ್ಟ್ ಸರ್ಕಾರದ ನಿಯಮವನ್ನೇ ಎತ್ತಿಹಿಡಿಯಿತು. ಲಕ್ಷ ದಾಟುತ್ತಿದ್ದ ಸೀಟು ಒಂದೇ ವರ್ಷದಲ್ಲಿ ಅದರ ಒಂದು ಸಣ್ಣ ಪಾಲಿಗೆ ಇಳಿಯಿತು. ಸರ್ಕಾರಿ ಶಾಲೆ ಇಲ್ಲದ ಹಳ್ಳಿ ನಮ್ಮಲ್ಲಿ ಕಡಿಮೆ. ಸರ್ಕಾರಿಯೂ ಇಲ್ಲದ, ಅನುದಾನಿತವೂ ಇಲ್ಲದ, ಆದರೆ ಖಾಸಗಿ ಶಾಲೆ ಇರುವ ವಾರ್ಡು ಇನ್ನೂ ಕಡಿಮೆ. ಪಕ್ಕದ ಮನೆಯವರು ನಿಂತು ಹೋಗಿದೆ ಅಂದದ್ದು ಇದಕ್ಕೇ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ನಾನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಆರ್‌ಟಿಇ ಅರ್ಜಿಗಳನ್ನು ನೋಡುತ್ತಿದ್ದವಳು. ಎದುರುಗಡೆಯ ಸರ್ಕಾರಿ ಶಾಲೆಯ ಒಂದನೇ ಕ್ಲಾಸು ಖಾಲಿ ಹೊಡೆಯುತ್ತಿತ್ತು. ಅದೇ ಬೀದಿಯ ಮಕ್ಕಳಿಗೆ ಖಾಸಗಿ ಶಾಲೆಯ ಬಿಲ್ಲನ್ನು ನಾವೇ ಪಾಸು ಮಾಡುತ್ತಿದ್ದೆವು. ಆದರೆ ಸೀಟು ಕಿತ್ತುಕೊಂಡ ಮೇಲೆ ಆ ಹಣವನ್ನು ಅದೇ ಬೀದಿಯ ಸರ್ಕಾರಿ ಶಾಲೆಗೆ, ಕಣ್ಣಿಗೆ ಕಾಣುವಂತೆ, ಹಾಕಬೇಕಿತ್ತು. ಪಕ್ಕದ ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟೂ ಅದನ್ನೇ ಒಪ್ಪಿತು. ಅದರಿಂದ ನಮ್ಮಲ್ಲೂ ಆಸೆ ಚಿಗುರಿದೆ. ಆದರೆ ಆ ಆಸೆಯನ್ನು ನೆಚ್ಚಿಕೊಂಡು ಮಗಳ ದಾಖಲಾತಿಯನ್ನು ತಡ ಮಾಡಬೇಡಿ.

ಈಗ ನಿಮ್ಮ ಮನೆಗೆ ಬಂದಿದ್ದ ಮಹಾಶಯರ ವಿಷಯ. ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ, ಸೀಟು ಲಾಟರಿಯಲ್ಲಿ ಬರುತ್ತದೆ. ಕಂಪ್ಯೂಟರ್ ಎತ್ತುವ ಹೆಸರನ್ನು ಯಾರೂ ಕೊಡಿಸಲಾಗುವುದಿಲ್ಲ. ಮತ್ತೆ ಇವರ ವ್ಯಾಪಾರ ಹೇಗೆ ನಡೆಯುತ್ತದೆ? ಹತ್ತು ಮನೆಯಿಂದ ಹಣ ತಗೊಳ್ಳುತ್ತಾರೆ. ಲಾಟರಿಯಲ್ಲಿ ಇಬ್ಬರಿಗೆ ತಾನಾಗಿಯೇ ಬರುತ್ತದೆ. ಆ ಇಬ್ಬರ ದುಡ್ಡು ಇಟ್ಟುಕೊಂಡು ಉಳಿದವರಿಗೆ, ಈ ಸಲ ಆಗಲಿಲ್ಲ ಕಣಮ್ಮ, ಅಂತ ವಾಪಸ್ ಕೊಡುತ್ತಾರೆ. ಒಳ್ಳೆಯ ಹೆಸರೂ ಬರುತ್ತದೆ! ಇನ್ನೂ ಕೆಟ್ಟದ್ದು ಅಂದರೆ ಕೆಲವರು ವಾರ್ಡು ಹೊಂದಿಸಲು ಸುಳ್ಳು ಬಾಡಿಗೆ ಕರಾರು ಮಾಡಿಸಿ ಆಧಾರ್ ವಿಳಾಸ ಬದಲಿಸುತ್ತಾರೆ. ಸಿಕ್ಕಿಬಿದ್ದರೆ ಸೀಟು ಹೋಗುತ್ತದೆ. ಕಾಗದದ ಮೇಲೆ ಸಹಿ ಇರುವುದು ನಿಮ್ಮದು, ಅವರದಲ್ಲ.

ಅರ್ಜಿ ಹಾಕಲೇಬಾರದು ಅಂತಲ್ಲ. ಹಾಕಲು ಕಾಸು ಬೇಕಿಲ್ಲ. ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಮಗಳ ಆಧಾರ್‌ನಲ್ಲಿ ಹೆಸರು, ಹುಟ್ಟಿದ ತಾರೀಕು ಜನನ ಪ್ರಮಾಣಪತ್ರಕ್ಕೆ ಹೊಂದುತ್ತದಾ ನೋಡಿ. ಅರ್ಜಿಗಳು ಬಿದ್ದುಹೋಗುವುದು ಜಾಸ್ತಿ ಇಲ್ಲಿಯೇ: ಒಂದರಲ್ಲಿ ಇನಿಷಿಯಲ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಬೇಸಿಗೆ ಹೊತ್ತಿಗೆ ಇಲಾಖೆ ಪ್ರಕಟಣೆ ಹೊರಡಿಸಿದಾಗ ನಿಮ್ಮ ವಾರ್ಡಿನ ಪಟ್ಟಿಯಲ್ಲಿ ಯಾವ ಶಾಲೆ ಇದೆ ಅಂತ ಬಿಇಒ ಕಚೇರಿಯಲ್ಲೇ ಕೇಳಿ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ 25% ಸೀಟಿನ ನಿಯಮ ಅನ್ವಯವಾಗುವುದಿಲ್ಲ, 2014ರ ಸುಪ್ರೀಂ ಕೋರ್ಟ್ ತೀರ್ಪು ಅದು. ಅದಾದ ಮೇಲೆ ಎಷ್ಟೋ ಶಾಲೆಯವರಿಗೆ ತಾವು ಭಾಷಾ ಅಲ್ಪಸಂಖ್ಯಾತರು ಎಂಬುದು ಇದ್ದಕ್ಕಿದ್ದಂತೆ ನೆನಪಾಯಿತು. ಅದು ಬೇರೆ ಕಥೆ.

ಅಕಸ್ಮಾತ್ ಸೀಟು ಸಿಕ್ಕಿತು ಅನ್ನಿ. ಎಲ್ಲ ಫ್ರೀ ಅಂತ ಅಂದುಕೊಳ್ಳಬೇಡಿ. ಸರ್ಕಾರ ಕೊಡುವುದಕ್ಕೆ ಮಿತಿ ಇದೆ. ಒಂದನೇ ಕ್ಲಾಸಿನಿಂದ ಮೇಲೆ ವರ್ಷಕ್ಕೆ 16,000, ಎಲ್‌ಕೆಜಿ-ಯುಕೆಜಿಗೆ 8,000, ಇಲ್ಲವೇ ಶಾಲೆಯ ನಿಜವಾದ ಫೀಸು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅದೂ ತಡವಾಗಿ ಬರುತ್ತದೆ ಎಂಬುದು ಶಾಲೆಯವರ ಗೋಳು. ಆ ಸಿಟ್ಟು ಕೆಲವು ಕಡೆ ಮಕ್ಕಳ ಮೇಲೆ ತಿರುಗುತ್ತದೆ. ಫೀಸು ಕೇಳುವಂತಿಲ್ಲ. ಆದ್ದರಿಂದ ಸ್ಮಾರ್ಟ್ ಕ್ಲಾಸು, ಆ್ಯಕ್ಟಿವಿಟಿ, ಡೈರಿ, ಎರಡು ಜೊತೆ ಯುನಿಫಾರ್ಮು, ವಾರ್ಷಿಕೋತ್ಸವದ ಡ್ರೆಸ್ಸು ಅಂತ ಬೇರೆ ಬೇರೆ ಹೆಸರಿನಲ್ಲಿ ಚೀಟಿ ಬರುತ್ತದೆ. ಒಬ್ಬ ತಾಯಿ ನನ್ನ ಮೇಜಿನ ಮೇಲೆ ಇಟ್ಟ ರಸೀದಿಯಲ್ಲಿ ಬೋಧನಾ ಶುಲ್ಕದ ಮುಂದೆ ದೊಡ್ಡದಾಗಿ ಸೊನ್ನೆ ಬರೆದಿದ್ದರು. ಅದರ ಕೆಳಗೆ ಏಳು ಸಾಲು ಇತ್ತು. ಕೂಡಿದರೆ ಹದಿನಾಲ್ಕು ಸಾವಿರ.

ಇನ್ನೊಂದು ಮಾತನ್ನು ಅರ್ಜಿ ಹಾಕುವಾಗ ಯಾರೂ ಹೇಳುವುದಿಲ್ಲ. ಆರ್‌ಟಿಇ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. 2012-13ರಲ್ಲಿ ಒಂದನೇ ಕ್ಲಾಸು ಸೇರಿದ ಮಕ್ಕಳು 2020-21ರಲ್ಲಿ ಒಂಬತ್ತಕ್ಕೆ ಬಂದರು. ಸರಿಯಾಗಿ ಕೊರೊನಾ ವರ್ಷ. ಮನೆಯಲ್ಲಿ ದುಡಿಮೆ ಇಲ್ಲ, ಶಾಲೆಯಿಂದ ಪೂರ್ತಿ ಫೀಸಿನ ಚೀಟಿ. ಎಂಟು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಗುವನ್ನು ಎಸ್‌ಎಸ್‌ಎಲ್‌ಸಿಗೆ ಒಂದು ವರ್ಷ ಇರುವಾಗ ಎಲ್ಲಿಗೆ ಎತ್ತಿ ಹಾಕುತ್ತೀರಿ? ಸೀಟು ಸಿಕ್ಕರೂ ಒಂಬತ್ತು, ಹತ್ತನೇ ಕ್ಲಾಸಿನ ಹಣ ಹೊಂದಿಸುವ ದಾರಿ ಮೊದಲೇ ಯೋಚಿಸಿ.

ಖಾಸಗಿ ಶಾಲೆಗೆ ಸರ್ಕಾರದ ಇನ್ನೊಂದು ಸಹಾಯ ಇದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು ಒಂದೂವರೆ ಲಕ್ಷದ ಮಿತಿಯೊಳಗೆ ಆದಾಯದಿಂದ ಕಳೆಯಬಹುದು. ತೆರಿಗೆಯೇ ಕಟ್ಟದ ನಿಮಗೆ ಇದರಿಂದ ಏನೂ ಸಿಗುವುದಿಲ್ಲ. ಸಂಬಳ ಜಾಸ್ತಿ ಇದ್ದಷ್ಟೂ ಲಾಭ ಜಾಸ್ತಿ. ವಿಚಿತ್ರ, ಅಲ್ವಾ?

ಇಷ್ಟೆಲ್ಲ ಕಷ್ಟಪಟ್ಟು ಖಾಸಗಿ ಶಾಲೆಗೆ ಕಳಿಸಿದರೆ ಮಗು ನಿಜಕ್ಕೂ ಹೆಚ್ಚು ಕಲಿಯುತ್ತದೆಯೇ? ಇದಕ್ಕೆ ನಮ್ಮ ಪಕ್ಕದಲ್ಲೇ ಒಂದು ಒಳ್ಳೆಯ ಪರೀಕ್ಷೆ ನಡೆದಿದೆ. 2008ರಲ್ಲಿ ಆಗಿನ ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತವರ ಜೊತೆಗಾರರು, ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಸೇರಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಲಾಟರಿಯಲ್ಲಿ ಖಾಸಗಿ ಶಾಲೆಯ ವೋಚರ್ ಕೊಟ್ಟರು. ನಾಲ್ಕು ವರ್ಷದ ನಂತರ ನೋಡಿದರೆ ತೆಲುಗು ಮತ್ತು ಗಣಿತದಲ್ಲಿ ವೋಚರ್ ಸಿಕ್ಕ ಮಕ್ಕಳಿಗೂ ಸಿಗದವರಿಗೂ ವ್ಯತ್ಯಾಸವೇ ಇರಲಿಲ್ಲ. ಹಿಂದಿಯಲ್ಲಿ ಮಾತ್ರ ವೋಚರ್ ಮಕ್ಕಳು ಮುಂದಿದ್ದರು. ಸರ್ಕಾರಿ ಶಾಲೆಗಳಲ್ಲಿ ಹಿಂದಿಗೆ ಸಮಯವೇ ಇರಲಿಲ್ಲ, ಅದಕ್ಕೆ. ಖಾಸಗಿ ಶಾಲೆಗಳು ಇಷ್ಟನ್ನು ಮಾಡಿದ್ದು ಸರ್ಕಾರಿ ಶಾಲೆಯಲ್ಲಿ ಒಂದು ಮಗುವಿಗೆ ಆಗುವ ಖರ್ಚಿನ ಮೂರನೇ ಒಂದು ಪಾಲಿನಲ್ಲಿ, ಅದನ್ನೂ ಹೇಳಬೇಕು. ಸರ್ಕಾರಕ್ಕೆ ಅದು ಉಳಿತಾಯದ ಲೆಕ್ಕ. ಮನೆಯಿಂದ ಐವತ್ತು ಸಾವಿರ ಕಟ್ಟುವವರಿಗೆ ಅದು ಉಳಿತಾಯ ಅಲ್ಲ.

ಮನೆಪಾಠಕ್ಕೆ ಬರೋಣ. ಮನೆಯಲ್ಲಿ ಕಲಿಸಿದರೆ ಪೊಲೀಸರು ಬರುತ್ತಾರೆ ಅನ್ನುವುದೂ ಸುಳ್ಳು, ಅದಕ್ಕೆ ಕಾನೂನಿನ ಪೂರ್ತಿ ಬೆಂಬಲ ಇದೆ ಅನ್ನುವುದೂ ಸುಳ್ಳು. 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಪೋಷಕರಿಗೆ ಇಂಥ ಶಿಕ್ಷೆ ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ಈ ಸಂದಿಯಲ್ಲೇ ಬೆಂಗಳೂರು, ಮೈಸೂರಿನ ಕೆಲವು ಕುಟುಂಬಗಳು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿವೆ. ಸಮೀಕ್ಷೆಗೆ ಬಂದವರು ನಿಮ್ಮ ಮಗನನ್ನು ಶಾಲೆಯಿಂದ ಹೊರಗುಳಿದ ಮಗು ಅಂತ ಬರೆದುಕೊಳ್ಳಬಹುದು. ಅದಕ್ಕೆ ಹೆದರಬೇಕಿಲ್ಲ, ಆದರೆ ಉತ್ತರ ಇರಬೇಕು.

ಪರೀಕ್ಷೆಗೆ ದಾರಿ ಇದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ, 14 ತುಂಬಿದ ಮಗು ಹತ್ತನೇ ಕ್ಲಾಸಿಗೆ ಸಮನಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಐದು ವರ್ಷದೊಳಗೆ ಒಂಬತ್ತು ಅವಕಾಶ. ಮುಂದೆ ಓದಲು ಈ ಸರ್ಟಿಫಿಕೇಟ್ ನಡೆಯುತ್ತದೆ. ಆದರೆ ನೋಂದಣಿ ಫೀಸು, ಪುಸ್ತಕ, ಟ್ಯೂಷನ್ ಬೇಕಾದರೆ ಅದು, ಎಲ್ಲ ನಿಮ್ಮದೇ. ಸರ್ಕಾರಿ ಶಾಲೆಗೆ ಸೇರಿಸಿದ್ದರೆ ಸಿಗುತ್ತಿದ್ದ ಊಟ, ಪುಸ್ತಕ, ಬಟ್ಟೆ, ವಿದ್ಯಾರ್ಥಿವೇತನ ತಪ್ಪಿಹೋಗುತ್ತದೆ. ಅಮೆರಿಕದಲ್ಲಿ ಬರುವ 2,000 ಡಾಲರ್‌ನ ಜಾಗದಲ್ಲಿ ಇಲ್ಲಿ ನಿಮ್ಮ ಕೈಯಿಂದಲೇ ಹೋಗುತ್ತದೆ.

ನಿಮ್ಮ ಬಿ.ಎ. ಬಗ್ಗೆ ನನಗೆ ಅನುಮಾನ ಇಲ್ಲ. ಮೂರನೇ ಕ್ಲಾಸಿನ ಪಾಠವನ್ನು ನೀವು ಚೆನ್ನಾಗಿಯೇ ಹೇಳಿಕೊಡುತ್ತೀರಿ. ಅನುಮಾನ ಇರುವುದು ಸಮಯದ ಬಗ್ಗೆ. ಹಬ್ಬದ ತಿಂಗಳಲ್ಲಿ, ಮದುವೆ ಸೀಸನ್‌ನಲ್ಲಿ ಬ್ಲೌಸುಗಳು ಗುಡ್ಡೆ ಬಿದ್ದಾಗ ಮಗನ ಭಾಗಾಕಾರ ಯಾರು ನೋಡುತ್ತಾರೆ? ಹೊಲಿಗೆ ಬಿಟ್ಟರೆ ಮನೆ ಖರ್ಚಿಗೆ ಕತ್ತರಿ. ನಾನು ನೋಡಿದ ಹಾಗೆ, ಮನೆಯಲ್ಲೇ ಕಲಿಸಬೇಕು ಅಂತ ಮನಸ್ಸು ಮಾಡಿ ಇಳಿದವರು ಹೇಗೋ ನಡೆಸಿಕೊಂಡು ಹೋಗುತ್ತಾರೆ. ಫೀಸು ಕಟ್ಟಲಾಗದೆ ಇಳಿದವರು ಒಂದು ವರ್ಷದೊಳಗೆ ವಾಪಸ್ ಬರುತ್ತಾರೆ, ಅಷ್ಟರಲ್ಲಿ ಮಗು ಹಿಂದೆ ಬಿದ್ದಿರುತ್ತದೆ. ನೀವು ಎರಡನೆಯವರ ಸಾಲಿನಲ್ಲಿ ಇದ್ದೀರಿ. ಬೇಡ ಅಂತಲೇ ನನ್ನ ಸಲಹೆ.

ಹಾಗಾದರೆ ಏನು ಮಾಡುವುದು? ಖಾಸಗಿ ಆಡಳಿತ ಇರಬೇಕು, ಸರ್ಕಾರದ ದುಡ್ಡೂ ಇರಬೇಕು ಅಂದರೆ ಅದಕ್ಕೆ ನಮ್ಮಲ್ಲಿ ಹಳೆಯದೊಂದು ಹೆಸರಿದೆ: ಅನುದಾನಿತ ಶಾಲೆ. ಮಠದವರು, ವಿದ್ಯಾಸಂಸ್ಥೆಯವರು ಕಟ್ಟಿದ್ದು, ಮೇಷ್ಟ್ರ ಸಂಬಳ ಸರ್ಕಾರದ್ದು. ನಿಮ್ಮ ಊರಲ್ಲಿ ಇವಕ್ಕೆ ಕೊರತೆಯಿಲ್ಲ. ಪಡೆಯುವ ಅನುದಾನಕ್ಕೆ ತಕ್ಕಷ್ಟು, ಏನೇ ಆದರೂ 25%ಕ್ಕೆ ಕಮ್ಮಿಯಿಲ್ಲದಂತೆ, ಇವರೂ ಉಚಿತ ಸೀಟು ಕೊಡಬೇಕು. ಆದರೆ ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಒಂದೇ ಕಟ್ಟಡದಲ್ಲಿ ಅನುದಾನಿತ ಕನ್ನಡ ವಿಭಾಗ ಮತ್ತು ಅನುದಾನರಹಿತ ಇಂಗ್ಲಿಷ್ ವಿಭಾಗ ಎರಡೂ ಇರುತ್ತವೆ. ಸೇರಿಸುವಾಗ ಯಾವುದಕ್ಕೆ ಸೇರಿಸುತ್ತಿದ್ದೀರಿ ಅಂತ ಬರೆದು ತೋರಿಸಲು ಹೇಳಿ. ಮೇಷ್ಟ್ರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಿದ್ದಾರಾ ಅಂತಲೂ ಕೇಳಿ. ಎಷ್ಟೋ ಅನುದಾನಿತ ಶಾಲೆಗಳು ಸೊರಗುತ್ತಿರುವುದು ಅಲ್ಲಿಯೇ.

ಸರ್ಕಾರಿ ಶಾಲೆಗಳಲ್ಲಿ ಎಲ್ಲವೂ ಒಂದೇ ಅಲ್ಲ. ಕರ್ನಾಟಕ ಪಬ್ಲಿಕ್ ಸ್ಕೂಲ್‌ಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಬಹುದು. 2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗ ಶುರುವಾಯಿತು, ಆಮೇಲೆ ಇನ್ನಷ್ಟು ಸೇರಿದವು. ಮಗಳಿಗೆ ನಾನು ಮೊದಲು ನೋಡಿ ಅನ್ನುವುದು ಇದನ್ನೇ. ಸೀಟಿಗೆ ಪೈಪೋಟಿ ಇದೆ, ಬೇಗ ಹೋಗಿ. ನೋಡಲು ಹೋದಾಗ ಹೆಡ್‌ಮೇಷ್ಟ್ರ ಕೋಣೆಯಲ್ಲಿ ಕೂತು ಬರಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಎಷ್ಟು ಜನ ಖಾಯಂ ಮೇಷ್ಟ್ರು, ಎಷ್ಟು ಅತಿಥಿ ಶಿಕ್ಷಕರು ಅಂತ ಕೇಳಿ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನಲ್ಲಿ ತಿರುಗಿಸಿ ನೋಡಿ. ಮೂರನೇ ಕ್ಲಾಸಿನ ಒಂದು ಮಗುವನ್ನು ಕರೆದು ಅದರ ಕೈಯಲ್ಲಿರುವ ಪುಸ್ತಕದಿಂದ ನಾಲ್ಕು ಸಾಲು ಓದಿಸಿ. ನಿಮ್ಮ ಮಗನಿಗಿಂತ ಚೆನ್ನಾಗಿ ಓದಿತೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಖಾಸಗಿ ಶಾಲೆಯಲ್ಲಿ ಹೀಗೆ ಒಳಗೆ ಬಿಡುವುದೇ ಕಷ್ಟ.

ಮಗನಿಗೆ ಎರಡು ದಾರಿ ಇದೆ. ಇದೇ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಹೇಗಾದರೂ ಎಳೆದು, ಆರಕ್ಕೆ ನವೋದಯ, ಆದರ್ಶ ವಿದ್ಯಾಲಯ, ಮೊರಾರ್ಜಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಸುವುದು ಒಂದು. ಆದರ್ಶ ವಿದ್ಯಾಲಯದಲ್ಲಿ ಇಂಗ್ಲಿಷ್ ಮೀಡಿಯಂ, ಫೀಸಿನ ಹೊರೆ ಇಲ್ಲ. ಆದರೆ ಸೀಟು ಸಿಗುತ್ತದೆ ಅಂತ ನೆಚ್ಚುವಂತಿಲ್ಲ, ಅಷ್ಟರಲ್ಲಿ ನಿಮ್ಮ ಬಾಕಿ ಇನ್ನೂ ಬೆಳೆದಿರುತ್ತದೆ. ಈಗಲೇ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬದಲಿಸಿ, ಉಳಿದ ಹಣದಲ್ಲಿ ಬಾಕಿ ತೀರಿಸಿಕೊಂಡು, ಅಲ್ಲಿಂದಲೇ ಆ ಪರೀಕ್ಷೆಗಳಿಗೆ ತಯಾರು ಮಾಡುವುದು ಇನ್ನೊಂದು. ಮೊದಲ ಆರು ತಿಂಗಳು ಅವನಿಗೆ ಮುಜುಗರ ಆಗುತ್ತದೆ, ಗೆಳೆಯರು ತಪ್ಪುತ್ತಾರೆ, ಕನ್ನಡ ಮೀಡಿಯಂ ಆದರೆ ಗಣಿತದ ಪದಗಳು ಹೊಸದಾಗಿ ಕಾಣುತ್ತವೆ. ಮೂರನೇ ಕ್ಲಾಸಿನಲ್ಲಿ ಇದು ದಾಟಬಹುದಾದ ಕಷ್ಟ, ಎಂಟರಲ್ಲಿ ಅಲ್ಲ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ನಿಮ್ಮ ಬಿ.ಎ. ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ: ಸಂಜೆ ಒಂದು ಗಂಟೆ ಇಂಗ್ಲಿಷ್, ಅಷ್ಟು ಸಾಕು.

ಕೊನೆಗೆ ಟಿಸಿ. ಬಾಕಿ ವಸೂಲಿ ಶಾಲೆಗೂ ನಿಮಗೂ ಇರುವ ಲೆಕ್ಕ. ಅದಕ್ಕೆ ಮಗುವಿನ ಓದನ್ನು ಅಡ ಇಟ್ಟುಕೊಳ್ಳುವಂತಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ತಕ್ಷಣ ಟಿಸಿ ಕೊಡಬೇಕು, ತಡವಾದರೂ ಹೊಸ ಶಾಲೆ ಆ ಕಾರಣಕ್ಕೆ ದಾಖಲಾತಿ ನಿಲ್ಲಿಸಬಾರದು ಅಂತ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಬೇರೆ ಖಾಸಗಿ ಶಾಲೆಗೆ ಹೋಗುವುದಾದರೆ ಈ ರಕ್ಷಣೆ ಇಲ್ಲ, ಗಮನಿಸಿ. ಹಳೆಯ ಶಾಲೆಗೆ ಟಿಸಿ ಕೇಳಿ ಒಂದು ಅರ್ಜಿ ಬರೆಯಿರಿ. ಬಾಕಿಯನ್ನು ತಿಂಗಳಿಗೆ ಇಷ್ಟು ಅಂತ ಕಂತಿನಲ್ಲಿ ಕಟ್ಟುತ್ತೇನೆ ಎಂಬುದನ್ನೂ ಅದರಲ್ಲೇ ಸೇರಿಸಿ. ಜಗಳಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಶಾಲೆಯ ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ಆ ರಸೀದಿಯನ್ನು ತಗೊಂಡು ಹೊಸ ಶಾಲೆಯ ಹೆಡ್‌ಮೇಷ್ಟ್ರ ಹತ್ತಿರ ಹೋಗಿ. ಅವರೂ ಹಿಂದೆಮುಂದೆ ನೋಡಿದರೆ ಬಿಇಒ ಕಚೇರಿಗೆ ಬರವಣಿಗೆಯಲ್ಲಿ ಕೊಡಿ, ಬಾಯಿಮಾತಿನಲ್ಲಿ ಬೇಡ.